ಆನ್‌ಲೈನ್‌ನಲ್ಲಿ ವಜ್ರ ಕೊಳ್ಳುವ ಮುಂಚೆ: ಬೆಲೆ ಇಷ್ಟು ಕಡಿಮೆ ಯಾಕೆ ಅಂತ ಲೆಕ್ಕ ಹಾಕಿ

ತುಳಸಿ ಲಗ್ನ ಮುಗಿಯಿತು ಅಂದರೆ ಬೆಳಗಾವಿಯಲ್ಲಿ ಮದುವೆ ಸೀಜನ್ ಶುರು. ಖಡೇಬಜಾರ್, ಗಣಪತ ಗಲ್ಲಿ, ಶಹಾಪುರದ ಸರಾಫ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದೇ ಹೊತ್ತಿಗೆ ಮೊಬೈಲ್ ತೆರೆದರೂ ಒಡವೆಗಳದ್ದೇ ಜಾಹೀರಾತು. ರಿಯಲ್ ಡೈಮಂಡ್ ಉಂಗುರ, 70 ಪರ್ಸೆಂಟ್ ಆಫ್, ಇವತ್ತು ರಾತ್ರಿ 12ರ ತನಕ ಮಾತ್ರ. ಮಗಳ ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ಹುಡುಕುತ್ತಿರುವ ತಂದೆ-ತಾಯಿಗೆ ಇದನ್ನು ನೋಡಿ ಆಸೆ ಆಗುವುದು ಸಹಜ.

ಚಿನ್ನವಾದರೆ ಮೋಸ ಬೇಗ ಗೊತ್ತಾಗುತ್ತದೆ. ಇವತ್ತಿನ ದರ ಎಷ್ಟು ಅಂತ ಪೇಪರಿನಲ್ಲೇ ಬರುತ್ತದೆ. ಗ್ರಾಂಗೆ ಮೂರು ಸಾವಿರ ಕಡಿಮೆ ಅಂದವನನ್ನು ಯಾರೂ ನಂಬುವುದಿಲ್ಲ. ವಜ್ರಕ್ಕೆ ಅಂಥ ದಿನದ ದರ ಇಲ್ಲ. ಒಂದೇ ತೂಕದ ಎರಡು ಹರಳುಗಳ ಬೆಲೆ ಹತ್ತು ಪಟ್ಟು ಬೇರೆ ಇರಬಹುದು, ಎರಡೂ ನ್ಯಾಯವಾದ ಬೆಲೆಯೇ ಆಗಿರಬಹುದು. ಮೋಸ ಮಾಡುವವರಿಗೆ ಅನುಕೂಲ ಆಗಿರುವುದು ಇದೇ.

ಆನ್‌ಲೈನ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ದೊಡ್ಡ ಶೋರೂಮಿನ ಬಾಡಿಗೆ ಇಲ್ಲ, ಲಕ್ಷಗಟ್ಟಲೆ ಮಾಲು ಕೂಡಿಹಾಕಿ ಕೂರಬೇಕಿಲ್ಲ. ಹಾಗಾಗಿ ಸ್ವಲ್ಪ ಕಡಿಮೆಗೆ ಕೊಡಲು ಅವರಿಗೆ ಸಾಧ್ಯ. ಆದರೆ ಆ ಕಡಿಮೆಗೂ ಒಂದು ಮಿತಿ ಇದೆ. ವಜ್ರದ ವ್ಯಾಪಾರಿಗಳು ತಮ್ಮತಮ್ಮಲ್ಲಿ ಕೊಟ್ಟು ತೆಗೆದುಕೊಳ್ಳಲು ರಾಪಾಪೋರ್ಟ್ ಅನ್ನುವ ದರಪಟ್ಟಿ ನೋಡುತ್ತಾರೆ. 1978ರಿಂದ ಅದು ಬರುತ್ತಿದೆ. ಜಗತ್ತಿನ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಪಾಲಿಶ್ ಆಗುವುದು ನಮ್ಮ ಗುಜರಾತಿನ ಸೂರತ್‌ನಲ್ಲೇ. ಒಳ್ಳೆಯ ಹರಳೊಂದು ನಿಜವಾಗಿಯೂ ಅರ್ಧ ಬೆಲೆಗೆ ಸಿಗುವುದಾದರೆ ಅಲ್ಲಿಯ ವ್ಯಾಪಾರಿಗಳೇ ಅವತ್ತೇ ಎತ್ತಿಕೊಳ್ಳುತ್ತಾರೆ. ನಿಮ್ಮ ಮೊಬೈಲಿನ ತನಕ ಬರುವುದಿಲ್ಲ. ಬಂದಿದೆ ಅಂದರೆ ಅದಕ್ಕೊಂದು ಕಾರಣ ಇದೆ. ಆ ಕಾರಣ ಏನು ಅಂತ ಗೊತ್ತಾಗುವ ತನಕ ದುಡ್ಡು ಕಟ್ಟಬೇಡಿ.

ಮೊದಲು ಚಿನ್ನದ ಲೆಕ್ಕ

ವಜ್ರದ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಈ ಲೆಕ್ಕ ಯಾರಾದರೂ ಹಾಕಬಹುದು. ಜಾಹೀರಾತು ಹೀಗಿದೆ ಅಂತ ಇಟ್ಟುಕೊಳ್ಳಿ: 1 ಕ್ಯಾರೆಟ್ ರಿಯಲ್ ಡೈಮಂಡ್ ಉಂಗುರ, 18 ಕ್ಯಾರೆಟ್ ಚಿನ್ನ 3 ಗ್ರಾಂ, ಸರ್ಟಿಫಿಕೇಟ್ ಸಹಿತ, ಎಲ್ಲ ಸೇರಿ 29,999 ರೂಪಾಯಿ.

ಚಿನ್ನಕ್ಕೆ ಕ್ಯಾರೆಟ್ ಅಂದರೆ ಶುದ್ಧತೆ, ವಜ್ರಕ್ಕೆ ಕ್ಯಾರೆಟ್ ಅಂದರೆ ತೂಕ. 18 ಕ್ಯಾರೆಟ್ ಅಂದರೆ ನೂರಕ್ಕೆ 75 ಪಾಲು ಚಿನ್ನ. 3 ಗ್ರಾಂನಲ್ಲಿ ಅಪ್ಪಟ ಚಿನ್ನ 2.25 ಗ್ರಾಂ. 24 ಕ್ಯಾರೆಟ್ ದರ ಗ್ರಾಂಗೆ 12,000 ಅಂತ ಲೆಕ್ಕಕ್ಕೆ ಹಿಡಿಯೋಣ. ನೀವು ಮಾಡುವಾಗ ಅವತ್ತಿನ ದರ ಹಾಕಿ. ಬರೀ ಚಿನ್ನಕ್ಕೆ 27,000 ಆಯಿತು. 29,999ರಲ್ಲಿ 3 ಪರ್ಸೆಂಟ್ ಜಿಎಸ್‌ಟಿ ಸೇರಿದೆ, ಅದನ್ನು ತೆಗೆದರೆ ಸುಮಾರು 29,125. ಚಿನ್ನ ಕಳೆದು ಉಳಿದದ್ದು 2,125 ರೂಪಾಯಿ. ಈ ದುಡ್ಡಿನಲ್ಲೇ ಮಜೂರಿ, ಕೊರಿಯರ್, ವಿಮೆ, ಜಾಹೀರಾತಿನ ಖರ್ಚು, ಮಾರುವವನ ಲಾಭ, ಮೇಲೆ 1 ಕ್ಯಾರೆಟ್ ವಜ್ರ! ಆಗುವ ಮಾತೇ ಅಲ್ಲ. ಒಂದೋ ಹರಳು ವಜ್ರ ಅಲ್ಲ, ಇಲ್ಲ ಚಿನ್ನ ಅಷ್ಟು ಶುದ್ಧ ಅಲ್ಲ, ಇಲ್ಲ ಉಂಗುರ ಬರುವುದೇ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಚಿನ್ನದ ತೂಕ ಅಂತ ಬರೆದದ್ದು ಹರಳು ಸೇರಿಸಿಯೋ, ಬಿಟ್ಟೋ? 1 ಕ್ಯಾರೆಟ್ ವಜ್ರ ಅಂದರೆ 0.2 ಗ್ರಾಂ. ಒಟ್ಟು ತೂಕ 3.2 ಗ್ರಾಂ ಇದ್ದರೆ ಚಿನ್ನದ ನಿವ್ವಳ ತೂಕ 3 ಗ್ರಾಂ ಅಷ್ಟೇ. ನಿವ್ವಳ ತೂಕ ಬರೆಯದ ಬಿಲ್ಲನ್ನು ಒಪ್ಪಬೇಡಿ. ಹರಳಿನ ತೂಕಕ್ಕೂ ಚಿನ್ನದ ದರ ಹಾಕುವವರಿದ್ದಾರೆ.

ಯಾವ ವಜ್ರ ಅಂತ ಬಾಯಿಬಿಟ್ಟು ಕೇಳಿ

ಚಿನ್ನದ ಲೆಕ್ಕ ಸರಿ ಹೋಯಿತು, ಹರಳಿಗೂ ಒಂದಷ್ಟು ದುಡ್ಡು ಉಳಿಯಿತು ಅನ್ನಿ. ಆಮೇಲಿನ ಪ್ರಶ್ನೆ, ಇದು ಗಣಿಯಿಂದ ಬಂದ ನೈಸರ್ಗಿಕ ವಜ್ರವೋ, ಲ್ಯಾಬ್‌ನಲ್ಲಿ ಬೆಳೆಸಿದ್ದೋ? ಬೆಲೆ ಕಡಿಮೆ ಆಗಲು ಇವತ್ತು ಅತಿ ದೊಡ್ಡ ಕಾರಣ ಇದೇ.

ಲ್ಯಾಬ್ ವಜ್ರ ಸುಳ್ಳು ವಜ್ರ ಅಲ್ಲ. ಅದೂ ಅಪ್ಪಟ ಇಂಗಾಲವೇ, ಗಟ್ಟಿತನ ಅದೇ, ಹೊಳಪು ಅದೇ. ಎಚ್‌ಪಿಎಚ್‌ಟಿ, ಸಿವಿಡಿ ಅನ್ನುವ ಎರಡು ವಿಧಾನಗಳಲ್ಲಿ ಯಂತ್ರದೊಳಗೆ ಕೆಲವು ವಾರಗಳಲ್ಲಿ ಬೆಳೆಸುತ್ತಾರೆ. 2023ರ ಜೂನ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಅಮೆರಿಕಕ್ಕೆ ಹೋದಾಗ ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರೆಟ್‌ನ ಹಸಿರು ವಜ್ರ ಕೂಡ ಲ್ಯಾಬ್‌ನದ್ದೇ. ಹಾಗಾಗಿ ಲ್ಯಾಬ್ ವಜ್ರ ಕೊಂಡರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಅದೇ ಅಳತೆ, ಅದೇ ಗುಣಮಟ್ಟದ ನೈಸರ್ಗಿಕ ಹರಳಿನ ಹತ್ತರಲ್ಲಿ ಒಂದೆರಡು ಪಾಲಿಗೆ ಅದು ಸಿಗುತ್ತದೆ. ವರ್ಷದಿಂದ ವರ್ಷಕ್ಕೆ ಬೆಲೆ ಇಳಿದಿದೆ. ಲ್ಯಾಬ್‌ನದ್ದು ಅಂತ ಹೇಳಿ ಕಡಿಮೆಗೆ ಕೊಟ್ಟರೆ ಅದು ವ್ಯಾಪಾರ. ಆ ಮಾತು ಮುಚ್ಚಿಟ್ಟು, ನೈಸರ್ಗಿಕದ್ದಕ್ಕಿಂತ ಅರ್ಧ ಬೆಲೆ ಅಂತ ಮಾರಿದರೆ ಮೋಸ. ಆಗ ನೀವು ಅಗ್ಗಕ್ಕೆ ಕೊಂಡೆ ಅಂದುಕೊಂಡಿರುತ್ತೀರಿ, ನಿಜಕ್ಕೂ ಮೂರ‍್ನಾಲ್ಕು ಪಟ್ಟು ಜಾಸ್ತಿ ಕೊಟ್ಟಿರುತ್ತೀರಿ.

'ರಿಯಲ್ ಡೈಮಂಡ್' ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಲ್ಯಾಬ್‌ನದ್ದನ್ನೂ ರಿಯಲ್ ಅಂತ ಕರೆದು ಮಾರುವವರಿದ್ದಾರೆ ಅಲ್ವಾ? 'ಇದು ನೈಸರ್ಗಿಕವೋ, ಲ್ಯಾಬ್‌ನದ್ದೋ, ಬಿಲ್ಲಿನಲ್ಲಿ ಬರೆದು ಕೊಡುತ್ತೀರಾ?' ಅಂತ ಚಾಟ್‌ನಲ್ಲೋ ಇಮೇಲ್‌ನಲ್ಲೋ ಕೇಳಿ. ಫೋನಿನಲ್ಲಿ ಬೇಡ, ಬರಹದಲ್ಲೇ ಇರಲಿ. ಸುತ್ತಿ ಬಳಸಿ ಮಾತಾಡಿದರೆ ಅಲ್ಲಿಗೆ ಬಿಟ್ಟುಬಿಡಿ.

ಇನ್ನು ವಜ್ರವೇ ಅಲ್ಲದವು. ಅಮೆರಿಕನ್ ಡೈಮಂಡ್, ಎ.ಡಿ., ಸಿ.ಝಡ್. ಎಲ್ಲವೂ ಕ್ಯೂಬಿಕ್ ಝಿರ್ಕೋನಿಯಾ. ನೂರಾರು ರೂಪಾಯಿಯ ಮಾಲು. ಮೊಯ್ಸನೈಟ್ ಅನ್ನುವುದು ಸಿಲಿಕಾನ್ ಕಾರ್ಬೈಡ್. ನೋಡಲು ಚೆಂದ, ಗಟ್ಟಿಯೂ ಹೌದು, ವಜ್ರ ಅಲ್ಲ. 'ಮೊಯ್ಸನೈಟ್ ಡೈಮಂಡ್' ಅಂತ ಬರೆದು ಮಾರುವುದನ್ನು ಬೇಕಾದಷ್ಟು ಕಡೆ ನೋಡುತ್ತೀರಿ. ಎರಡು ಹೆಸರಲ್ಲಿ ಮೊದಲನೆಯದನ್ನು ಮಾತ್ರ ನಂಬಿ.

ಗೋಲ್ಕೊಂಡ ಡೈಮಂಡ್ ಅನ್ನುವ ಹೆಸರೂ ಜಾಹೀರಾತುಗಳಲ್ಲಿ ಬರುತ್ತದೆ. ನಮ್ಮ ಅಥಣಿ, ಜಮಖಂಡಿ ಕಡೆ ಹರಿದು ಹೋಗುವ ಕೃಷ್ಣೆಯ ದಂಡೆಯಲ್ಲೇ, ಕೆಳಗೆ ಆಂಧ್ರದಲ್ಲಿ, ಹಿಂದಿನ ಗೋಲ್ಕೊಂಡ ರಾಜ್ಯಕ್ಕೆ ಸೇರಿದ ಕೊಲ್ಲೂರಿನ ವಜ್ರದ ಗಣಿ ಇತ್ತು. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವ ತನಕ ಜಗತ್ತಿಗೆಲ್ಲ ವಜ್ರ ಹೆಚ್ಚುಕಡಿಮೆ ಇಲ್ಲಿಂದಲೇ ಹೋಗುತ್ತಿತ್ತು. ಆ ಗಣಿಗಳು ಬರಿದಾಗಿ ಎಷ್ಟೋ ಕಾಲವಾಯಿತು. ನಿಜವಾದ ಗೋಲ್ಕೊಂಡ ಹರಳುಗಳು ಇವತ್ತು ಅಂತಾರಾಷ್ಟ್ರೀಯ ಹರಾಜುಗಳಲ್ಲಿ ಕೋಟಿಗಳಿಗೆ ಹೋಗುತ್ತವೆ. ಐವತ್ತು ಸಾವಿರದ ಉಂಗುರಕ್ಕೆ ಆ ಹೆಸರು ಅಂಟಿಸಿದ್ದರೆ ಅದು ಬರೀ ಹೆಸರು.

ಒಂದು ಕ್ಯಾರೆಟ್, ಆದರೆ ಎಷ್ಟು ಹರಳು?

'1 ಕ್ಯಾರೆಟ್ ಡೈಮಂಡ್ ರಿಂಗ್' ಅಂತ ದೊಡ್ಡದಾಗಿ ಬರೆದು, ಕೆಳಗೆ ಸಣ್ಣದಾಗಿ ಒಟ್ಟು ತೂಕ ಅಂತ ಹಾಕಿರುತ್ತಾರೆ. 1 ಕ್ಯಾರೆಟ್ ಅಂದರೆ 100 ಸೆಂಟ್. 5 ಸೆಂಟ್‌ನ 20 ಹರಳು ಕೂಡಿಸಿದರೂ 1 ಕ್ಯಾರೆಟ್ ಆಗುತ್ತದೆ. ಆದರೆ ದೊಡ್ಡ ಹರಳು ಅಪರೂಪ. ಒಂದೇ 1 ಕ್ಯಾರೆಟ್ ಹರಳಿನ ಬೆಲೆ ಆ 20 ಸಣ್ಣ ಹರಳುಗಳ ಒಟ್ಟು ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಬೆಲೆ ಹೋಲಿಸುವಾಗ ನಡುವಿನ ಹರಳು ಎಷ್ಟು ಸೆಂಟ್, ಸುತ್ತಲಿನವು ಎಷ್ಟು ಸೆಂಟ್ ಅಂತ ಬೇರೆ ಬೇರೆ ಕೇಳಿ.

ಸರ್ಟಿಫಿಕೇಟನ್ನು ಕ್ಯಾಲ್ಕುಲೇಟರ್ ಹಿಡಿದು ಓದಿ

ಸರ್ಟಿಫಿಕೇಟ್ ಇದೆ ಅಂದ ಕೂಡಲೇ ಎಷ್ಟೋ ಜನ ನಿಶ್ಚಿಂತರಾಗುತ್ತಾರೆ. ಯಾರ ಸರ್ಟಿಫಿಕೇಟ್ ಅನ್ನುವುದು ಮುಖ್ಯ. ಮಾರುವವನೇ ಪ್ರಿಂಟ್ ಹಾಕಿಸಿದ ಕಾರ್ಡಿಗೆ ಕವಡೆ ಕಿಮ್ಮತ್ತಿಲ್ಲ. ಜಿಐಎ, ಐಜಿಐ ಇವು ಎಲ್ಲೆಡೆ ಒಪ್ಪುವ, ವಜ್ರ ಪರೀಕ್ಷಿಸುವ ಸ್ವತಂತ್ರ ಲ್ಯಾಬ್‌ಗಳು. ಎರಡಕ್ಕೂ ಮುಂಬೈಯಲ್ಲಿ ಲ್ಯಾಬ್ ಇದೆ. ಇನ್ನೂ ಕೆಲವು ಲ್ಯಾಬ್‌ಗಳಿವೆ, ಆದರೆ ಬಣ್ಣ, ಕ್ಲ್ಯಾರಿಟಿ (ಒಳಗೆ ಕಲೆ, ಬಿರುಕು ಎಷ್ಟಿದೆ ಅನ್ನುವುದು) ಅಳೆಯುವಾಗ ಒಂದು ಲ್ಯಾಬ್ ಬಿಗಿ, ಇನ್ನೊಂದು ಸಡಿಲ. ಬಣ್ಣದ ದರ್ಜೆ 'ಡಿ' ಅಕ್ಷರದಿಂದ ಶುರು, ಮುಂದಿನ ಅಕ್ಷರಕ್ಕೆ ಹೋದಷ್ಟೂ ಹಳದಿ ಛಾಯೆ ಜಾಸ್ತಿ. ಸಡಿಲ ಲ್ಯಾಬ್ 'ಜಿ' ಬಣ್ಣ ಅಂದದ್ದು ಬಿಗಿ ಲ್ಯಾಬ್‌ನಲ್ಲಿ 'ಐ' ಅಥವಾ 'ಜೆ' ಆಗಬಹುದು. ಹಾಗಾಗಿ ಎರಡು ಹರಳಿನ ಬೆಲೆ ಹೋಲಿಸಬೇಕಾದರೆ ಎರಡೂ ಒಂದೇ ಲ್ಯಾಬ್‌ನ ಸರ್ಟಿಫಿಕೇಟ್ ಇರುವಂಥವೇ ಆಗಿರಲಿ.

ದುಡ್ಡು ಕಟ್ಟುವ ಮುಂಚೆಯೇ ಸರ್ಟಿಫಿಕೇಟ್ ನಂಬರ್ ಕೇಳಿ. ಆ ಲ್ಯಾಬ್‌ನ ಸ್ವಂತ ವೆಬ್‌ಸೈಟಿಗೆ ಹೋಗಿ ನಂಬರ್ ಹಾಕಿ ನೋಡಿ. ಮಾರುವವನು ಕಳಿಸಿದ ಲಿಂಕ್ ಒತ್ತಬೇಡಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ಅಸಲಿ ಸೈಟಿನಂತೆಯೇ ಕಾಣುವ ನಕಲಿ ಸೈಟ್ ಮಾಡುವುದು ಕಷ್ಟದ ಕೆಲಸ ಅಲ್ಲ. ಐಜಿಐ ನಂಬರ್ 'ಎಲ್‌ಜಿ' ಅಕ್ಷರಗಳಿಂದ ಶುರುವಾದರೆ ಹರಳು ಲ್ಯಾಬ್‌ನದ್ದು. ಜಿಐಎ ಸಂಸ್ಥೆ 2025ರ ಅಕ್ಟೋಬರ್‌ನಿಂದ ಲ್ಯಾಬ್ ವಜ್ರಗಳಿಗೆ ಬಣ್ಣ, ಕ್ಲ್ಯಾರಿಟಿಯ ಗ್ರೇಡ್ ಕೊಡುವುದನ್ನೇ ಬಿಟ್ಟು, ಪ್ರೀಮಿಯಂ, ಸ್ಟ್ಯಾಂಡರ್ಡ್ ಅಂತ ಎರಡೇ ದರ್ಜೆ ಕೊಡುತ್ತಿದೆ.

ನಂಬರ್ ಸರಿಯಾಗಿದೆ ಅಂದರೂ ಹರಳು ಅದೇ ಅನ್ನುವುದಕ್ಕೆ ಏನು ಗ್ಯಾರಂಟಿ? ಎಷ್ಟೋ ಹರಳುಗಳ ಅಂಚಿನ ಮೇಲೆ ಸರ್ಟಿಫಿಕೇಟ್ ನಂಬರನ್ನು ಸಣ್ಣದಾಗಿ ಕೊರೆದಿರುತ್ತಾರೆ. ನೈಸರ್ಗಿಕ ವಜ್ರದ ನಂಬರನ್ನು ಲ್ಯಾಬ್ ವಜ್ರದ ಅಂಚಿನ ಮೇಲೆ ಲೇಸರ್‌ನಿಂದ ಕೊರೆದು ದಾಟಿಸಲು ನೋಡಿದ ಪ್ರಕರಣಗಳನ್ನು ಜಿಐಎ ಸಂಸ್ಥೆಯೇ ಹೊರಗೆ ಹಾಕಿದೆ. ಅದಕ್ಕೇ ಅಳತೆಗಳನ್ನು ನೋಡಬೇಕು. ದುಂಡು ಹರಳಿನ ಸರ್ಟಿಫಿಕೇಟ್‌ನಲ್ಲಿ '6.43 – 6.46 x 3.98 ಮಿ.ಮೀ.' ಅಂತ ಇದೆ ಅನ್ನಿ. ಮೊದಲ ಎರಡು ಅಡ್ಡಳತೆ, ಮೂರನೆಯದು ಆಳ. ಸರಾಸರಿ ಅಡ್ಡಳತೆ 6.445. ಅದನ್ನು ಅದರಿಂದಲೇ ಗುಣಿಸಿ, 41.54 ಬರುತ್ತದೆ. ಆಳ 3.98ರಿಂದ ಗುಣಿಸಿ, ಬಂದದ್ದನ್ನು ದುಂಡು ಹರಳಿನ ಲೆಕ್ಕಕ್ಕೆ ಬಳಸುವ 0.0061 ಅನ್ನುವ ಅಂಕಿಯಿಂದ ಗುಣಿಸಿ. ಉತ್ತರ 1.01. ಅದೇ ಹರಳಿನ ಅಂದಾಜು ಕ್ಯಾರೆಟ್. ಸರ್ಟಿಫಿಕೇಟ್‌ನಲ್ಲಿ 1.01 ಅಥವಾ 1.02 ಅಂತ ಇದ್ದರೆ ಅಂಕಿಗಳು ಒಂದಕ್ಕೊಂದು ಕೂಡುತ್ತವೆ. 1.25 ಅಂತ ಇದ್ದರೆ ಎಲ್ಲೋ ತಪ್ಪಿದೆ. ಹರಳು ಕೈಗೆ ಬಂದ ಮೇಲೆ ಮಿ.ಮೀ. ಅಳತೆ ಮಾಡಿಸಿದರೆ ಇದೇ ಅಂಕಿಗಳು ಬರಬೇಕು. ಎರಡು ಹರಳು ಹೊರಗಿನಿಂದ ಒಂದೇ ಥರ ಕಂಡರೂ ಮಿಲಿಮೀಟರಿನ ನೂರನೇ ಭಾಗದಲ್ಲಿ ಒಂದೇ ಅಳತೆ ಇರುವುದು ಬಹಳ ಅಪರೂಪ.

ಈ ಅಂಕಿಗಳೇ ಇನ್ನೊಂದು ಗುಟ್ಟು ಹೇಳುತ್ತವೆ. ಚೆನ್ನಾಗಿ ಕಟ್ ಆದ 1 ಕ್ಯಾರೆಟ್ ದುಂಡು ಹರಳು ಸುಮಾರು 6.4ರಿಂದ 6.5 ಮಿ.ಮೀ. ಅಗಲ ಇರುತ್ತದೆ. ಅದೇ ತೂಕದ ಹರಳು 6.2 ಮಿ.ಮೀ. ಮಾತ್ರ ಇದ್ದು, ಆಳ ಅಡ್ಡಳತೆಯ 68 ಪರ್ಸೆಂಟ್ ಹತ್ತಿರ ಇದ್ದರೆ, ತೂಕವೆಲ್ಲ ಗಡಿಗೆಯ ಬುಡದ ಹಾಗೆ ಕೆಳಗೆ ಕೂತಿದೆ ಅಂತ ಅರ್ಥ. ಮೇಲಿನಿಂದ ನೋಡಿದರೆ ಚಿಕ್ಕದಾಗಿ ಕಾಣುತ್ತದೆ, ಬೆಳಕು ಕೆಳಗಿನಿಂದ ಸೋರಿ ಹೋಗಿ ಮಂಕಾಗುತ್ತದೆ. ಇಂಥ ಹರಳು ಕಡಿಮೆ ಬೆಲೆಗೆ ಸಿಗುತ್ತದೆ. ಅದು ಮೋಸ ಅಲ್ಲ, ಆದರೆ ಅದು ಅಗ್ಗ ಆಗಿದ್ದಕ್ಕೆ ಕಾರಣ ಅದು.

ಸರ್ಟಿಫಿಕೇಟ್‌ನ ಕೊನೆಯಲ್ಲಿ ಬರೆದ ಷರಾ ಓದದೆ ಬಿಡಬೇಡಿ. ಕ್ಲ್ಯಾರಿಟಿ ಎನ್‌ಹಾನ್ಸ್ಡ್ ಅಂತ ಇದ್ದರೆ ಬಿರುಕಿಗೆ ಗಾಜಿನಂಥ ಪದಾರ್ಥ ತುಂಬಿದ್ದಾರೆ, ಅಥವಾ ಲೇಸರ್‌ನಿಂದ ತೂತು ಕೊರೆದು ಒಳಗಿನ ಕಲೆ ತೆಗೆದಿದ್ದಾರೆ. ಬಿರುಕು ತುಂಬಿದ ಹರಳು ಇದ್ದ ಉಂಗುರವನ್ನು ಮುಂದೆ ಪತ್ತಾರರ ಹತ್ತಿರ ರಿಪೇರಿಗೆ ಕೊಟ್ಟರೆ, ಬೆಂಕಿಯ ಕಾವಿಗೆ ಒಳಗೆ ತುಂಬಿದ್ದು ಹಾಳಾಗುತ್ತದೆ. ಬಿರುಕು ತುಂಬಿದ ಹರಳಿಗೆ ಜಿಐಎ ಗ್ರೇಡೇ ಕೊಡುವುದಿಲ್ಲ.

ಎಲ್ಲಿ ಉಳಿಸಬಹುದು

ನ್ಯಾಯವಾಗಿ ದುಡ್ಡು ಉಳಿಸುವ ದಾರಿಗಳೂ ಇವೆ. ತೂಕ 1.00 ಮುಟ್ಟಿದ ಕೂಡಲೇ ಪ್ರತಿ ಕ್ಯಾರೆಟ್ ದರ ಮೇಲಕ್ಕೆ ಜಿಗಿಯುತ್ತದೆ. ಅರ್ಧ ಕ್ಯಾರೆಟ್‌ನಲ್ಲೂ ಹಾಗೇ. 95 ಸೆಂಟ್‌ನ ಹರಳು ಬೆರಳಲ್ಲಿ 1 ಕ್ಯಾರೆಟ್‌ನಷ್ಟೇ ಕಾಣುತ್ತದೆ, ಬೆಲೆ ಕಡಿಮೆ. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಡಿ, ಇ ಬಣ್ಣಕ್ಕೆ ದುಡ್ಡು ಸುರಿಯಬೇಕಿಲ್ಲ, ಎಚ್ ಅಥವಾ ಐ ಸಾಕು. ಕ್ಲ್ಯಾರಿಟಿ ವಿಎಸ್2 ಅನ್ನುವ ದರ್ಜೆ ಇದ್ದರೆ ಸಾಮಾನ್ಯವಾಗಿ ಬರಿಗಣ್ಣಿಗೆ ಕಲೆ ಕಾಣುವುದಿಲ್ಲ. ಕಟ್‌ನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಹೊಳಪು ಬರುವುದೇ ಅದರಿಂದ.

ಮೂಗುಬೊಟ್ಟಿನಂಥ ಚಿಕ್ಕ ಒಡವೆಯನ್ನು ಆನ್‌ಲೈನ್‌ನಲ್ಲಿ ಕೊಳ್ಳಲೇಬೇಡಿ ಅನ್ನುತ್ತೇನೆ. 5 ಸೆಂಟ್ ಹರಳು 2.4 ಮಿ.ಮೀ. ಅಷ್ಟೇ, ಅದಕ್ಕೆ ಬೇರೆ ಸರ್ಟಿಫಿಕೇಟ್ ಮಾಡಿಸಿದರೆ ಖರ್ಚು ಗಿಟ್ಟುವುದಿಲ್ಲ. 2 ಗ್ರಾಂಗಿಂತ ಕಡಿಮೆ ಇರುವ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವೂ ಅಲ್ಲ. ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಇದಕ್ಕೆ ನಿಮ್ಮ ಮನೆತನದ ಸರಾಫರೇ ಸರಿ, ನಾಳೆ ಹರಳು ಸಡಿಲಾದರೂ ಅವರ ಹತ್ತಿರವೇ ಹೋಗಬಹುದು.

ಮಾರುವವನ ವಿಳಾಸ ಹುಡುಕಿ

ಸೈಟಿನ ಕೆಳಗೆ ಕಂಪನಿಯ ಪೂರ್ತಿ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಇರಬೇಕು. 2020ರ ಇ-ಕಾಮರ್ಸ್ ನಿಯಮಗಳು ಇದನ್ನು ಕಡ್ಡಾಯ ಮಾಡಿವೆ. ಜಿಎಸ್‌ಟಿ ನಂಬರ್ ಕೇಳಿ. ಅದು 15 ಅಕ್ಷರ-ಅಂಕಿಗಳದ್ದು. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27, ಗುಜರಾತ್ 24. ಸೂರತ್ ಫ್ಯಾಕ್ಟರಿಯಿಂದ ನೇರ ಅನ್ನುವವನ ನಂಬರ್ 24ರಿಂದ ಶುರುವಾಗದಿದ್ದರೆ ಯಾಕೆ ಅಂತ ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ, ಯಾವಾಗ ನೋಂದಣಿ ಆಗಿದೆ, ಈಗಲೂ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಬರುತ್ತದೆ. ಇಪ್ಪತ್ತು ವರ್ಷದ ಅನುಭವ ಅನ್ನುವ ಅಂಗಡಿ ಎರಡು ತಿಂಗಳ ಹಿಂದೆ ನೋಂದಣಿ ಆಗಿದ್ದರೆ ನಿಮಗೇ ಅರ್ಥ ಆಗುತ್ತದೆ.

ವಾಪಸ್ ತೆಗೆದುಕೊಳ್ಳುವ ನಿಯಮ ಓದಿ. ಎಷ್ಟು ದಿನದೊಳಗೆ? ದುಡ್ಡು ಕೊಡುತ್ತಾರೋ, ಬರೀ ಕೂಪನ್ನೋ? ಮುಂದೆ ಮಾರಲು ಹೋದರೆ ಚಿನ್ನಕ್ಕೆಷ್ಟು, ಹರಳಿಗೆಷ್ಟು? ಲ್ಯಾಬ್ ವಜ್ರವನ್ನು ವಾಪಸ್ ತೆಗೆದುಕೊಳ್ಳದವರು ಜಾಸ್ತಿ.

ದುಡ್ಡು ಕಟ್ಟುವುದು, ಪಾರ್ಸೆಲ್ ಬಿಚ್ಚುವುದು

ಸಾಧ್ಯವಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಮಾಲು ಬೇರೆ ಬಂದರೆ, ಬರದೇ ಹೋದರೆ ಬ್ಯಾಂಕಿಗೆ ತಕರಾರು ಹಾಕಬಹುದು. ಕಂಪನಿ ಹೆಸರು ಒಂದು, ಯುಪಿಐ ಸ್ಕ್ಯಾನ್ ಮಾಡಿದರೆ ಯಾರದೋ ವ್ಯಕ್ತಿಯ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. 'ಬಿಲ್ ಬೇಡ ಅಂದರೆ ಜಿಎಸ್‌ಟಿ ಉಳಿಯುತ್ತದೆ' ಅನ್ನುವ ಮಾತಿಗೆ ಒಪ್ಪಬೇಡಿ. 3 ಪರ್ಸೆಂಟ್ ಉಳಿಸಲು ಹೋಗಿ, ನಾಳೆ ದೂರು ಕೊಡಲು ಕೈಯಲ್ಲಿ ಒಂದು ಕಾಗದವೂ ಇಲ್ಲದಂತಾಗುತ್ತದೆ. 2 ಲಕ್ಷ ದಾಟಿದರೆ ಪ್ಯಾನ್ ಕೇಳುತ್ತಾರೆ, ಅದು ಕಾನೂನು.

ಪಾರ್ಸೆಲ್ ಬಂದಾಗ ಸೀಲ್ ಹರಿದಿದ್ದರೆ ತೆಗೆದುಕೊಳ್ಳಬೇಡಿ. ಬಿಚ್ಚುವುದನ್ನು ಶುರುವಿನಿಂದ ಕೊನೆಯ ತನಕ ಒಂದೇ ವಿಡಿಯೋ ಮಾಡಿ, ವಿಳಾಸದ ಚೀಟಿ ಕಾಣಲಿ. ಆಮೇಲೆ ಉಂಗುರದ ಒಳಮೈ ನೋಡಿ. ಬಿಐಎಸ್ ಅನ್ನುವ ಸರ್ಕಾರಿ ಗುಣಮಟ್ಟ ಸಂಸ್ಥೆಯ ಗುರುತು, 18ಕೆ750 ಅನ್ನುವ ಶುದ್ಧತೆ, ಎಚ್‌ಯುಐಡಿ ಅನ್ನುವ, ಆ ಒಡವೆಗೇ ಕೊಟ್ಟ ಆರು ಅಕ್ಷರ-ಅಂಕಿಗಳ ನಂಬರ್, ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಒಡವೆ ಉಂಗುರವೋ, ಸರವೋ ಅನ್ನುವುದೂ ಬರುತ್ತದೆ. ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ, ಹರಳಿಗೆ ಅಲ್ಲ ಅನ್ನುವುದು ನೆನಪಿರಲಿ.

ಹರಳನ್ನು ಹೇಗೆ ನೋಡುವುದು? ಬಾಯಿಂದ ಆವಿ ಊದುವುದು, ನೀರಲ್ಲಿ ಮುಳುಗಿಸುವುದು, ಪೇಪರ್ ಮೇಲಿಟ್ಟು ಅಕ್ಷರ ಓದುವುದು ಇವನ್ನೆಲ್ಲ ಬಿಡಿ, ಸುಮ್ನೆ ಸಮಾಧಾನ. ಅಂಗಡಿಗಳಲ್ಲಿ ಪೆನ್ನಿನಂಥ ಟೆಸ್ಟರ್ ಇರುತ್ತದೆ, ಬೀಪ್ ಅಂದರೆ ವಜ್ರ ಅನ್ನುತ್ತಾರೆ. ಅದು ಅಳೆಯುವುದು ಹರಳು ಶಾಖವನ್ನು ಎಷ್ಟು ಬೇಗ ಸಾಗಿಸುತ್ತದೆ ಅನ್ನುವುದನ್ನು ಮಾತ್ರ. ಎ.ಡಿ. ಹರಳನ್ನು ಹಿಡಿಯುತ್ತದೆ, ಮೊಯ್ಸನೈಟ್ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಲ್ಯಾಬ್ ವಜ್ರವಂತೂ ವಜ್ರವೇ ಆದ್ದರಿಂದ ಪಾಸಾಗುತ್ತದೆ. ನೈಸರ್ಗಿಕವೋ ಲ್ಯಾಬ್‌ನದ್ದೋ ಅಂತ ಯಾವ ಅನುಭವಿ ಸರಾಫರೂ ಬರಿಗಣ್ಣಲ್ಲಿ ಹೇಳಲಾರರು. ಅದಕ್ಕೆ ಬೇರೆಯೇ ಯಂತ್ರ ಬೇಕು. ಸರಾಫರಿಂದ ಎರಡು ಕೆಲಸ ಮಾಡಿಸಿ: ಲೂಪ್ ಅನ್ನುವ ಭೂತಗನ್ನಡಿಯಲ್ಲಿ ಅಂಚಿನ ಮೇಲಿನ ನಂಬರ್ ಓದಿಸುವುದು, ಮಿ.ಮೀ. ಅಳತೆ ತೆಗೆಸುವುದು. ಹೊರಗಿನ ಮಾಲು ಅಂತ ಕೆಲವರು ಹಿಂಜರಿಯುತ್ತಾರೆ. ಅವರ ಸಮಯಕ್ಕೆ ದುಡ್ಡು ಕೊಟ್ಟು ಕೇಳಿ. ನೈಸರ್ಗಿಕ ಅಂತ ಲಕ್ಷಗಟ್ಟಲೆ ಕೊಟ್ಟಿದ್ದರೆ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆಯೇ ಮುಂಬೈಯ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸುವುದು ವ್ಯರ್ಥ ಖರ್ಚು ಅಲ್ಲ.

ಮೋಸ ಆದರೆ

ದುಡ್ಡು ಹೋಯಿತು, ಸೈಟ್ ಮಾಯವಾಯಿತು ಅಂದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಾಚಿಕೆಯಿಂದ ಮನೆಯವರಿಗೂ ಹೇಳದೆ ಕೂತು ಆ ಮೊದಲ ಗಂಟೆಗಳನ್ನು ಕಳೆದುಕೊಳ್ಳಬೇಡಿ. ಮಾಲು ಬಂದಿದೆ, ಆದರೆ ಹೇಳಿದ್ದಲ್ಲ ಅಂದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಕಳಿಸಿ. 48 ಗಂಟೆಯೊಳಗೆ ದೂರು ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವನು ಸೂರತ್‌ನಲ್ಲಿರಲಿ, ದಿಲ್ಲಿಯಲ್ಲಿರಲಿ, ನೀವು ಅಲ್ಲಿಗೆ ಓಡಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಬೆಳಗಾವಿಯಲ್ಲೇ ದೂರು ಹಾಕಬಹುದು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಜಾಹೀರಾತಿನ ಸ್ಕ್ರೀನ್‌ಶಾಟ್, ಚಾಟ್, ಬಿಲ್, ದುಡ್ಡು ಕಟ್ಟಿದ ದಾಖಲೆ, ಪಾರ್ಸೆಲ್ ಬಿಚ್ಚಿದ ವಿಡಿಯೋ, ಲ್ಯಾಬ್ ವರದಿ ಇವನ್ನೆಲ್ಲ ಮೊಬೈಲಿನಲ್ಲಷ್ಟೇ ಇಡದೆ ಪ್ರಿಂಟ್ ತೆಗೆಸಿ, ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿಡಿ. ಜಾಹೀರಾತಿನ ಸ್ಕ್ರೀನ್‌ಶಾಟನ್ನು ಮಾತ್ರ ಆರ್ಡರ್ ಮಾಡುವ ದಿನವೇ ತೆಗೆಯಿರಿ, ಆಮೇಲೆ ಅದು ಸೈಟಿನಲ್ಲಿ ಸಿಗದೇ ಹೋಗಬಹುದು.